ಡೆಕ್ ಕೆಳಗೆ ರಕೂನ್ ಬಾಣಂತನ: ನಾವು ಕರೆಸಿದ ಸರ್ವೀಸ್ ಹೇಗಿತ್ತು

ಕೆನಡಾದ ಟೊರೊಂಟೊದ ಸ್ಕಾರ್ಬರೋದಲ್ಲಿ ನಮ್ಮ ಮನೆ. ಹಿತ್ತಲ ಬೇಲಿ ದಾಟಿದರೆ ಮರ ತುಂಬಿದ ಕಣಿವೆ, ಇಲ್ಲಿಯವರು ಅದನ್ನು ರವೀನ್ ಅಂತಾರೆ. ಅಲ್ಲಿಂದ ರಾತ್ರಿ ರಕೂನ್‌ಗಳು, ಅಂದರೆ ಕಣ್ಣಿನ ಸುತ್ತ ಕಪ್ಪು ಪಟ್ಟಿ ಇರುವ ಇಲ್ಲಿನ ಕಾಡುಪ್ರಾಣಿಗಳು, ಬಂದು ಹೋಗುವುದು ಹೊಸದೇನಲ್ಲ. ಆದರೆ ಈ ಸಲ ಮೇ ತಿಂಗಳಲ್ಲಿ ಒಂದು ಹೆಣ್ಣು ನಮ್ಮ ಡೆಕ್ ಕೆಳಗೇ, ಅಂದರೆ ಮನೆಗೆ ಅಂಟಿದ ಮರದ ಹಲಗೆಯ ಜಗುಲಿ ಕೆಳಗೇ, ಬಿಡಾರ ಹೂಡಿತು. ಟೊಮೆಟೊ ಸಸಿಗೆ ಅಂತ ಹದ ಮಾಡಿದ್ದ ಮಣ್ಣಿನ ಮೇಲೆ ಬೆಳಗ್ಗೆ ನೋಡಿದರೆ ಐದೈದು ಉದ್ದ ಬೆರಳಿನ ಗುರುತು, ಪುಟ್ಟ ಮಗು ಅಂಗೈ ಒತ್ತಿದ ಹಾಗೆ.

ಊರಿಂದ ಬಂದಿದ್ದ ಅಮ್ಮ ಬಗ್ಗಿ ನೋಡಿ, "ನಮ್ಮ ಅಟ್ಟದಲ್ಲಿ ಪುನುಗು ಬೆಕ್ಕು ಮರಿ ಹಾಕಿತ್ತಲ್ಲ, ಇದೂ ಬಾಣಂತಿನೇ ಇರಬೇಕು, ಸುಮ್ನೆ ಬಿಡು" ಅಂದರು. ನನಗೂ ಬಿಡೋಣ ಅನ್ನಿಸಿತ್ತು. ಆದರೆ ರಕೂನ್‌ಗಳು ಒಂದೇ ಜಾಗದಲ್ಲಿ ದಿನಾ ಹಿಕ್ಕೆ ಹಾಕುತ್ತವೆ, ನಮ್ಮಲ್ಲಿ ಆ ಜಾಗ ಮೂರು ವರ್ಷದ ಮಗಳು ಆಡುವ ಮೂಲೆಯೇ ಆಗಿತ್ತು. ಆ ಹಿಕ್ಕೆಯಲ್ಲಿ ಒಂದು ಬಗೆಯ ಹುಳುವಿನ ಮೊಟ್ಟೆ ಇರಬಹುದು. ಅದು ಬಾಯಿಗೆ ಹೋದರೆ, ಅಪರೂಪಕ್ಕೇ ಇರಲಿ, ಮಿದುಳಿಗೆ, ಕಣ್ಣಿಗೆ ತೊಂದರೆ ಆಗುತ್ತದೆ. ಇದನ್ನು ತಿಳಿದ ಮೇಲೆ ಸುಮ್ಮನೆ ಕೂರಲು ಆಗಲಿಲ್ಲ.

ಮನೆಗೆ ಸೇರಿಕೊಂಡ ಕಾಡುಪ್ರಾಣಿ ತೆಗೆಯುವ ಎರಡು ಸರ್ವೀಸ್‌ನವರನ್ನು ವಿಚಾರಿಸಿದೆ. ಮೊದಲಿನವರು ಕಡಿಮೆ ರೇಟು ಹೇಳಿದರು. ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಡ್ತೀವಿ, ಎರಡು ದಿನದ ಕೆಲಸ ಅಂದರು. ಮರಿಗಳಿದ್ದರೆ ಏನು ಮಾಡ್ತೀರಿ ಅಂತ ಕೇಳಿದೆ. ಸರಿಯಾದ ಉತ್ತರ ಬರಲಿಲ್ಲ. ನಮ್ಮ ಒಂಟಾರಿಯೊ ಪ್ರಾಂತ್ಯದಲ್ಲಿ ಹಿಡಿದ ಪ್ರಾಣಿಯನ್ನು ಹಿಡಿದ ಜಾಗದಿಂದ 1 ಕಿಲೋಮೀಟರ್ ಒಳಗೇ ಬಿಡಬೇಕು ಅಂತ ನಿಯಮ ಇದೆ. ಏಪ್ರಿಲ್, ಮೇ ಅಂದರೆ ಮರಿಗಳ ಕಾಲ. ತಾಯಿಯನ್ನು ಒಯ್ದರೆ ಮರಿಗಳು ಹಸಿದು ಅಲ್ಲೇ ಸಾಯುತ್ತವೆ. ಅವರನ್ನು ಬೇಡ ಅಂದೆ.

ಎರಡನೆಯವರು ಬಂದ ರೀತಿಯೇ ಬೇರೆ. ಬಂದ ಹುಡುಗ ಮೊದಲ ದಿನ ಬಿಲದ ಬಾಯಿಗೆ ಹಳೆ ಪೇಪರ್ ಮುದ್ದೆ ಮಾಡಿ ತುರುಕಿ ಹೋದ. ಮರುದಿನ ಬೆಳಗ್ಗೆ ಪೇಪರ್ ಹೊರಗೆ ಬಿದ್ದಿತ್ತು, ಅಂದರೆ ಒಳಗೆ ಓಡಾಟ ಇದೆ ಅಂತ. ಆಮೇಲೆ ಡೆಕ್‌ನ ಎರಡು ಹಲಗೆ ಬಿಚ್ಚಿ ಟಾರ್ಚ್ ಬಿಟ್ಟ. ತಾಯಿ ಮೂಲೆಗೆ ಸರಿದು ಗುರುಗುಟ್ಟುತ್ತಿತ್ತು. ದಪ್ಪ ಚರ್ಮದ ಕೈಗವಸು ಹಾಕಿಕೊಂಡು ಒಂದೊಂದೇ ಮರಿ ಎತ್ತಿದ. ನಾಲ್ಕು ಇದ್ದವು. ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಕಣ್ಣಿನ ಸುತ್ತ ಕಪ್ಪು ಪಟ್ಟಿ ಮಾತ್ರ ಆಗಲೇ ಮೂಡಿತ್ತು. ಅವನ್ನು ಬೆಚ್ಚಗಿನ ಪ್ಯಾಡ್ ಇಟ್ಟ ಪೆಟ್ಟಿಗೆಯಲ್ಲಿ ಮಲಗಿಸಿ ಡೆಕ್ ಪಕ್ಕದಲ್ಲೇ ಇಟ್ಟ. ಬಿಲದ ಬಾಯಿಗೆ ಒಳಗಿನಿಂದ ತಳ್ಳಿದರೆ ಮಾತ್ರ ತೆರೆಯುವ ಬಾಗಿಲು ಕೂರಿಸಿದ. ಹೊರಗೆ ಬರಬಹುದು, ವಾಪಸ್ ಹೋಗಲು ಆಗಲ್ಲ.

ರಾತ್ರಿ ಹನ್ನೊಂದರ ಹೊತ್ತಿಗೆ ಅಡುಗೆಮನೆಯ ದೀಪ ಆರಿಸಿ ನಾನೂ ಅಮ್ಮನೂ ಕಿಟಕಿಯಲ್ಲಿ ನಿಂತಿದ್ದೆವು. ತಾಯಿ ಬಂತು. ಪೆಟ್ಟಿಗೆಯನ್ನು ಎರಡು ಸುತ್ತು ಮೂಸಿತು, ಮುಚ್ಚಳವನ್ನು ಕೈಯಿಂದ ಸರಿಸಿತು, ಒಂದು ಮರಿಯ ಕತ್ತು ಕಚ್ಚಿ ಹಿಡಿದು ಬೇಲಿಯ ಮೇಲೆ ನಡೆದು ಕತ್ತಲಿಗೆ ಹೋಯಿತು. ಮತ್ತೆ ಬಂತು. ನಾಲ್ಕು ಸಲ. ಕೊನೆಯದನ್ನು ಒಯ್ದ ಮೇಲೆ ಇನ್ನೊಮ್ಮೆ ಬಂದು ಖಾಲಿ ಪೆಟ್ಟಿಗೆಯೊಳಗೆ ತಲೆ ಹಾಕಿ ನೋಡಿ ಹೋಯಿತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಇನ್ನು ಜಾಲರಿ ಕೆಲಸ. ದುಡ್ಡು ಕೊಟ್ಟಿದ್ದಕ್ಕೆ ಸಾರ್ಥಕ ಅನ್ನಿಸಿದ್ದು ಇದರಲ್ಲೇ ಜಾಸ್ತಿ. ಡೆಕ್ ಸುತ್ತ ಒಂದಡಿ ಆಳ ಅಗೆದು, ಕಲಾಯಿ ಮಾಡಿದ ಗಟ್ಟಿ ತಂತಿ ಜಾಲರಿ ಇಳಿಸಿ, ತಳದಲ್ಲಿ ಹೊರಗಡೆಗೆ ಇನ್ನೊಂದಡಿ ಮಡಚಿ ಮಣ್ಣು ಮುಚ್ಚುತ್ತಾರೆ. ಪ್ರಾಣಿ ಗೋಡೆ ಅಂಚಿನಲ್ಲೇ ತೋಡುತ್ತದೆ ಅಲ್ವಾ, ತೋಡಿದರೆ ಕೆಳಗೂ ಜಾಲರಿಯೇ ಸಿಗುತ್ತದೆ. ಒಟ್ಟು 1,100 ಡಾಲರ್ ಆಯಿತು, ತೆರಿಗೆ ಬೇರೆ. ಮೊದಲಿನವರು ಕೇಳಿದ್ದರ ಮೂರು ಪಟ್ಟು, ನಿಜ. ಮತ್ತೆ ಬೇಕಾದರೂ ಇವರಿಗೇ ಕೊಡುತ್ತೇನೆ.

ಕೊರತೆಗಳೂ ಇವೆ. ಎಂಟರಿಂದ ಹನ್ನೆರಡರ ಒಳಗೆ ಬರ್ತೀವಿ ಅಂದರೆ ಅರ್ಧ ದಿನ ರಜೆ ಹಾಕಿಯೇ ಕಾಯಬೇಕು. ಅಗೆದ ಕಡೆ ಹುಲ್ಲು ಹಾಕಿಕೊಡಲಿಲ್ಲ. ಹಿಕ್ಕೆ ತೆಗೆಯೋದು ಈ ರೇಟಿನಲ್ಲಿ ಇಲ್ಲ ಅಂತ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಮಾಸ್ಕ್, ಗ್ಲೌಸ್ ಹಾಕಿಕೊಂಡು ನಾವೇ ತೆಗೆದೆವು. ಬ್ಲೀಚ್ ಹಾಕಿದರೆ ಆ ಮೊಟ್ಟೆ ಸಾಯಲ್ಲ, ಕುದಿಯುವ ನೀರೇ ಸುರಿಯಬೇಕು. ಇದನ್ನಾದರೂ ಆ ಹುಡುಗ ನಿಂತು ಬಿಡಿಸಿ ಹೇಳಿದ. ಹೋಗುವಾಗ ಕಸದ ಕಡೆಯೂ ನೋಡಿದ. ನಗರಾಡಳಿತದವರು 2016ರಿಂದ ಹಂಚಿದ, ಹಸಿ ಕಸ ಹಾಕುವ ಹಸಿರು ಬಿನ್‌ಗೆ ತಿರುಗಿಸುವ ಲಾಕ್ ಇದೆ, ನಾವು ಅದನ್ನು ತಿರುಗಿಸುತ್ತಲೇ ಇರಲಿಲ್ಲ. ಈಗ ಮಗಳೇ ಹೋಗಿ ತಿರುಗಿಸಿ ಬರುತ್ತಾಳೆ.

ಹೊಸದಾಗಿ ಡೆಕ್ ಕಟ್ಟಿಸುವವರು ಜಾಲರಿಯನ್ನು ಆಗಲೇ ಹಾಕಿಸಿಬಿಡಿ, ಖರ್ಚು ಕಡಿಮೆ. ಆಗಲೇ ರಕೂನ್ ಬಂದಿದ್ದರೆ, ನೀವು ಫೋನ್ ಮಾಡುವ ಸರ್ವೀಸ್‌ನವರನ್ನು ಮರಿಗಳ ಬಗ್ಗೆ ಮೊದಲು ಕೇಳಿ, ರೇಟು ಆಮೇಲೆ. ಸೆಪ್ಟೆಂಬರ್‌ನಲ್ಲಿ ಒಂದು ಬೆಳಗ್ಗೆ ಡೆಕ್ ಅಂಚಿನಲ್ಲಿ ಯಾವುದೋ ರಕೂನ್ ತೋಡಿದ್ದ ಗುಂಡಿ ಕಂಡಿತು. ಒಂದಡಿ ಆಳ, ತಳದಲ್ಲಿ ಜಾಲರಿ ಹೊಳೆಯುತ್ತಿತ್ತು. ಮಣ್ಣು ಎಳೆದು ಮುಚ್ಚಿದೆ.