ಕೆನೆಬಣ್ಣದ ಉಣ್ಣೆ ಕಾರ್ಪೆಟ್ ಮೇಲೆ ಕಾಫಿ ಚೆಲ್ಲಿದರೆ ಬ್ಲೀಚ್ ಮುಟ್ಟಲೇಬೇಡಿ

ಬೆಂಗಳೂರಿನ ಒಂದು ಮನೆಯಲ್ಲಿದ್ದ ಉತ್ತರ ಪ್ರದೇಶದ ಭದೋಹಿಯ ಟಫ್ಟೆಡ್ (ಬುಡದ ಬಟ್ಟೆಗೆ ಉಣ್ಣೆ ಎಳೆ ಚುಚ್ಚಿ ಮಾಡಿದ) ಕಾರ್ಪೆಟ್, ಐದಡಿ ಅಗಲ ಎಂಟಡಿ ಉದ್ದದ್ದು, ಎರಡೇ ದಿನದಲ್ಲಿ ಕೆಟ್ಟಿತು. ಕೆಡಿಸಿದ್ದು ಅದರ ಮೇಲೆ ಚೆಲ್ಲಿದ ಅರ್ಧ ಲೋಟ ಫಿಲ್ಟರ್ ಕಾಫಿಯಲ್ಲ, ಆಮೇಲೆ ನಡೆದ ಉಪಚಾರ.

ಚೆಲ್ಲಿದ ಕೂಡಲೇ ಬಿಸಿನೀರು ಸುರಿದು, ಬಟ್ಟೆ ಒಗೆಯುವ ಪುಡಿ ಉದುರಿಸಿ, ಬ್ರಷ್ ಹಿಡಿದು ಗಸಗಸ ಉಜ್ಜಿದರು. ಕಲೆ ಹೋದಂತೆ ಕಂಡಿತು. ಮರುದಿನ ಒಣಗಿದಾಗ ಮೊದಲಿಗಿಂತ ಅಗಲವಾಗಿ, ಸುತ್ತ ಕಂದು ಅಂಚು ಕಟ್ಟಿಕೊಂಡು ಮತ್ತೆ ಎದ್ದು ಬಂತು. ಆಗ ಬಾತ್‌ರೂಮಿನ ಬ್ಲೀಚ್ ಹಾಕಿದರು. ಈಗ ಆ ಜಾಗ ಅರಿಸಿನ ಮೆತ್ತಿದ ಹಾಗಿದೆ. ಬೆರಳಾಡಿಸಿದರೆ ಎಳೆಗಳು ಪುಡಿಪುಡಿಯಾಗಿ ಕೈಗೆ ಬರುತ್ತವೆ, ನಡುವೆ ಬುಡದ ಬಟ್ಟೆಯೇ ಕಾಣುತ್ತದೆ. ಇದಕ್ಕೆ ಯಾರ ಹತ್ತಿರವೂ ಮದ್ದಿಲ್ಲ. ಆ ಹಳದಿ ಬಣ್ಣ ಕಲೆಯಲ್ಲ, ಉಣ್ಣೆಯೇ ಸುಟ್ಟಿದೆ.

ಉಣ್ಣೆ ನಮ್ಮ ತಲೆಗೂದಲಿನಂತೆ ಕೆರಾಟಿನ್ ಎಂಬ ಪ್ರೋಟೀನ್. ಬ್ಲೀಚಿನಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್ ಅದನ್ನು ಮೊದಲು ಹಳದಿ ಮಾಡಿ, ಆಮೇಲೆ ಕರಗಿಸಿಯೇ ಬಿಡುತ್ತದೆ. ಒಗೆಯುವ ಪುಡಿಯೂ ಸಾಮಾನ್ಯದ್ದಲ್ಲ. ಅದರ ವಾಷಿಂಗ್ ಸೋಡ ಕ್ಷಾರ, ನೀರಿನ ಪಿಹೆಚ್ ಅನ್ನು (ಆಮ್ಲ-ಕ್ಷಾರದ ಅಳತೆ, 7 ಅಂದರೆ ಎರಡೂ ಅಲ್ಲ) 10ರ ಆಸುಪಾಸಿಗೆ ಒಯ್ಯುತ್ತದೆ, ಉಣ್ಣೆಗೆ 5.5ರಿಂದ 8.5ರೊಳಗಿದ್ದರೆ ಕ್ಷೇಮ. ಕಾಫಿ, ಟೀ, ಕೆಂಪು ವೈನಿನ ಒಗರಿಗೆ, ಅಂದರೆ ಟ್ಯಾನಿನ್‌ಗೆ, ಕ್ಷಾರ ಸೋಕಿದರೆ ಬಣ್ಣ ಇನ್ನೂ ಗಾಢವಾಗಿ ಕಚ್ಚಿಕೊಳ್ಳುತ್ತದೆ. ಕೆಲವು ಪುಡಿಗಳಲ್ಲಿ ಪ್ರೋಟೀನ್ ತಿನ್ನುವ ಎಂಜೈಮ್ ಇರುತ್ತದೆ, ಅದು ಹಾಲಿನ ಕಲೆಯನ್ನೂ ತಿನ್ನುತ್ತದೆ, ಉಣ್ಣೆಯನ್ನೂ ಬಿಡುವುದಿಲ್ಲ. ಬಿಸಿನೀರು ಹಾಲನ್ನು ಎಳೆಗೆ ಬೇಯಿಸಿ ಅಂಟಿಸುತ್ತದೆ. ಇನ್ನು ಉಜ್ಜಿದಾಗ ಎಳೆಯ ಮೇಲಿನ ಸೂಕ್ಷ್ಮ ಪೊರೆಗಳು ಒಂದಕ್ಕೊಂದು ಸಿಕ್ಕಿ ಜಡೆಗಟ್ಟುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ.

ಮಾಡಬೇಕಾದ್ದು ಇಷ್ಟು. ಹಳೆಯ ಬಿಳಿ ಪಂಚೆಯನ್ನು ಮಡಿಸಿಟ್ಟು ಅಂಗೈಯಿಂದ ಒತ್ತಿ, ಕಲೆಯ ಅಂಚಿನಿಂದ ನಡುವಿಗೆ ಬನ್ನಿ. ತಣ್ಣೀರು ಚಿಮುಕಿಸಿ ಮತ್ತೆ ಒತ್ತಿ. ಹಾಲು, ಸಕ್ಕರೆಗೆ ಕಾಲು ಲೀಟರ್ ತಣ್ಣೀರಿನಲ್ಲಿ ಅರ್ಧ ಟೀ ಚಮಚ ಉಣ್ಣೆಬಟ್ಟೆಯ ದ್ರವ ಸೋಪು ಸಾಕು; ಬಟ್ಟೆ ಅದ್ದಿ, ಹಿಂಡಿ, ಒತ್ತಿ. ಆಮೇಲೆ ಒಗರಿಗೆ ಒಂದು ಪಾಲು ಬಿಳಿ ವಿನೆಗರ್, ಮೂರು ಪಾಲು ನೀರು, ಐದು ನಿಮಿಷ. ಕೊನೆಗೆ ಬರೀ ನೀರಿನ ಬಟ್ಟೆಯಿಂದ ಎರಡು ಸಲ. ಸೋಪೋ ಸಕ್ಕರೆಯೋ ಉಳಿದರೆ ಧೂಳು ಹಿಡಿದು ಅದೇ ಜಾಗ ಕಪ್ಪಾಗುತ್ತದೆ. ಏನನ್ನೇ ಹಾಕುವ ಮೊದಲು ಸೋಫಾದ ಅಡಿ ಬರುವ ಮೂಲೆಯಲ್ಲಿ ಹಚ್ಚಿ ನೋಡಿ.

ಹೆಚ್ಚಿನವರು ಸೋಲುವುದು ನೀರಿನ ಲೆಕ್ಕದಲ್ಲಿ. ಟಫ್ಟೆಡ್ ಕಾರ್ಪೆಟ್ಟಿನ ಬೆನ್ನಿಗೆ ಲೇಟೆಕ್ಸ್ ಅಂಟಿನಿಂದ ಬಟ್ಟೆ ಕೂಡಿಸಿರುತ್ತಾರೆ. ಪೂರ್ತಿ ನೆನೆದರೆ ಅಂಟು ಬಿಡುತ್ತದೆ, ವಾಸನೆ ಹಿಡಿಯುತ್ತದೆ. ಬುಡಕ್ಕಿಳಿದ ಕಾಫಿ ಒಣಗುವಾಗ ಬತ್ತಿಗೆ ಎಣ್ಣೆ ಏರಿದಂತೆ ಎಳೆಯ ತುದಿಗೆ ಏರುತ್ತದೆ. ಆ ಮನೆಯಲ್ಲಿ ಮರುದಿನ ಕಂಡ ಕಂದು ಅಂಚು ಇದೇ. ತಡೆಯಲು ಒಣ ಬಿಳಿ ಟವೆಲ್‌ಗಳನ್ನು ದಪ್ಪಗೆ ಪೇರಿಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಐದು ಕೆಜಿ ಅಕ್ಕಿ ಡಬ್ಬ, ರಾತ್ರಿಯಿಡೀ ಇಡಿ. ಬೆಳಿಗ್ಗೆ ತೆಗೆದು ಫ್ಯಾನ್ ಹಾಕಿ.

ಹಳೆಯ ಕಲೆಗೆ ಮೆಡಿಕಲ್ ಶಾಪಿನ 6% ಹೈಡ್ರೋಜನ್ ಪೆರಾಕ್ಸೈಡ್‌ಗೆ ಅಷ್ಟೇ ನೀರು ಬೆರೆಸಿ 3% ಮಾಡಿಕೊಳ್ಳಿ. ವಿನೆಗರ್ ಪೂರ್ತಿ ತೊಳೆದು ಹೋದ ಮೇಲೆ, ಕಲೆಯ ಮೇಲಷ್ಟೇ ಹನಿ ಹನಿ ಹಾಕಿ, ಕಣ್ಣಿಟ್ಟಿರಿ. ತಿಳಿಯಾದ ಕೂಡಲೇ ನೀರಿನ ಬಟ್ಟೆಯಿಂದ ಒತ್ತಿ ತೆಗೆಯಿರಿ. ಬಣ್ಣ ಹಾಕಿದ ಉಣ್ಣೆಗೆ ಇದು ಬೇಡ.

ನಿಮ್ಮದು ಉಣ್ಣೆಯೇ ಎಂದು ಗೊತ್ತಿಲ್ಲದಿದ್ದರೆ ಒಂದೆಳೆ ಕಿತ್ತು ಸುಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಉಂಡೆಯಾದರೆ ಸಿಂಥೆಟಿಕ್. ಕಾಗದದ ವಾಸನೆ ಬಂದರೆ ನವಲಗುಂದದ ಜಮಖಾನದಂತೆ ಹತ್ತಿ, ಇಲ್ಲವೇ ರೇಷ್ಮೆಯಂತೆ ಮಿರುಗುವ ವಿಸ್ಕೋಸ್. ವಿಸ್ಕೋಸ್ ಆದರೆ ನೀರೂ ಬೇಡ, ಒಣ ಬಟ್ಟೆ ಒತ್ತಿ ಕ್ಲೀನರ್ ಕರೆಯಿರಿ.

ಬ್ಲೀಚ್ ಆಗಲೇ ಹಾಕಿಬಿಟ್ಟಿದ್ದರೆ ವಿನೆಗರ್ ಮಾತ್ರ ಸುರಿಯಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ತೆರೆದು, ಮಕ್ಕಳನ್ನು ಆಚೆ ಕಳಿಸಿ, ಬರೀ ತಣ್ಣೀರಿನಿಂದ ಒತ್ತಿ ತೆಗೆಯಿರಿ. ಕ್ಲೀನರ್ ಬಂದಾಗ ಏನೇನು ಹಾಕಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ಅವರ ಕೈಯಲ್ಲಿರುವ ದ್ರಾವಣವೂ ವಿನೆಗರ್‌ನಂತೆ ಆಮ್ಲವೇ ಆಗಿರಬಹುದು.