ಪೀಣ್ಯದ ಸಣ್ಣ ವರ್ಕ್‌ಶಾಪ್‌ಗೆ ಇನ್ಶೂರೆನ್ಸ್ ಬ್ರೋಕರ್ ಬೇಕಾ?

ಪೀಣ್ಯದಲ್ಲಿ ನಮ್ಮದು ಸಿಎನ್‌ಸಿ ಜಾಬ್‌ವರ್ಕ್ ಘಟಕ, ಅಂದರೆ ಕಂಪ್ಯೂಟರ್ ನಡೆಸುವ ಮಷೀನುಗಳಲ್ಲಿ ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವುದು. ಲೆಕ್ಕಪತ್ರ ನನ್ನ ಕೈಲಿದೆ. ಈ ಸಲ ರಿನ್ಯೂವಲ್‌ಗೆ ಹಳೇ ಏಜೆಂಟ್‌ನ ಬಿಟ್ಟು, ಹಲವು ಕಂಪನಿಗಳ ಪಾಲಿಸಿ ಹೋಲಿಸಿ ಕೊಡಿಸುವ ಬ್ರೋಕರ್ ಹತ್ತಿರ ಹೋದೆವು. ಹೆಸರು ಹೇಳುವುದಿಲ್ಲ, ಯಾಕಂದ್ರೆ ಹೊಗಳಿಕೆ ಜೊತೆ ಬೈಗುಳವೂ ಇದೆ.

ಬಂದ ಹುಡುಗ ಪ್ರೀಮಿಯಂ ಮಾತೇ ಎತ್ತಲಿಲ್ಲ. 'ಸ್ಪಿಂಡಲ್ (ಮಷೀನಿನ ತಿರುಗುವ ಮುಖ್ಯ ಭಾಗ) ಹೋದ್ರೆ, ಸಂಬಳ ನಿಲ್ಲಿಸದೆ ನೀವೇ ಎಷ್ಟು ಹಾಕಬಹುದು?' ಅಂತ ಕೇಳಿದ. ನಮ್ಮ ಗಿರಾಕಿಗಳು ದುಡ್ಡು ಕೊಡಲು ಮೂರು ತಿಂಗಳು ಆಟ ಆಡಿಸುತ್ತಾರೆ. ಪುಸ್ತಕದಲ್ಲಿ ಲಾಭ ಇದ್ದರೂ ಬ್ಯಾಂಕ್ ಓಡಿ (ಓವರ್‌ಡ್ರಾಫ್ಟ್ ಸಾಲ) ಮಿತಿಯವರೆಗೂ ತುಂಬಿಯೇ ಇರುತ್ತದೆ. ತಡಕಾಡಿ ವರ್ಷಕ್ಕೆ 3 ಲಕ್ಷ ಅಂದೆವು.

ಮೆಷಿನರಿ ಬ್ರೇಕ್‌ಡೌನ್ ಪಾಲಿಸಿಯಲ್ಲಿ ಎಕ್ಸೆಸ್, ಅಂದರೆ ಪ್ರತಿ ಕ್ಲೇಮ್‌ನಲ್ಲೂ ನಾವೇ ಹೊರುವ ಮೊತ್ತ, 50,000 ಇತ್ತು. 2 ಲಕ್ಷಕ್ಕೆ ಏರಿಸಿದರೆ ಪ್ರೀಮಿಯಂ 30,000 ಇಳಿಯುತ್ತದೆ. ಯಜಮಾನರಿಗೆ ಖುಷಿಯೋ ಖುಷಿ. ಹುಡುಗ ಡೆಲಿವರಿ ಚಲನ್ ಹಿಂದೆ ಬರೆದು ತೋರಿಸಿದ: 30,000 ಉಳಿಸಲು ಮೈಮೇಲೆ ಇನ್ನೂ ಒಂದೂವರೆ ಲಕ್ಷ. ಐದು ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ದೊಡ್ಡ ರಿಪೇರಿ ಬಂದರೆ ಕೈಯಿಂದಲೇ ಹೋಯ್ತು. ಒಂದೇ ವರ್ಷದಲ್ಲಿ ಎರಡು ಬಂದರೆ 4 ಲಕ್ಷ, ನಮ್ಮ ಮಿತಿ ಮೀರಿತು. ಮೆಂಟೆನೆನ್ಸ್ ರಿಜಿಸ್ಟರ್ ತೆರೆದಾಗ ಯಜಮಾನರು ಸುಮ್ಮನಾದರು. ಕೊನೆಗೆ 1 ಲಕ್ಷಕ್ಕೆ ನಿಂತೆವು.

ಒಂದು ಅನುಮಾನ ಮಾತ್ರ ಕಾಡಿತು. ಬ್ರೋಕರ್‌ಗೆ ಕಮಿಷನ್ ಕೊಡುವುದು ಇನ್ಶೂರೆನ್ಸ್ ಕಂಪನಿ. ಪ್ರೀಮಿಯಂ ಜಾಸ್ತಿ ಇದ್ದಷ್ಟೂ ಅವರಿಗೆ ಒಳ್ಳೇದು, ಅಲ್ವಾ? ಅದಕ್ಕೇ ಲೆಕ್ಕ ನಾನೇ ಇನ್ನೊಮ್ಮೆ ಹಾಕಿದೆ. ಸರಿಯಾಗಿಯೇ ಇತ್ತು.

ನಿಜವಾಗಿ ದುಡ್ಡಿನ ಸಂಗತಿ ಇದ್ದದ್ದು ಫೈರ್ ಪಾಲಿಸಿಯಲ್ಲಿ. ನಮ್ಮದು 5 ಕೋಟಿ ಒಳಗಿನ ಆಸ್ತಿ, ಹಾಗಾಗಿ ಸಣ್ಣ ಉದ್ಯಮಗಳಿಗೆಂದೇ ಇರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ. ಹಳೇ ಏಜೆಂಟ್ ಸವಕಳಿ ಕಳೆದ ಬೆಲೆ ಹಾಕಿಸಿದ್ದ. ಹೊಸದಾಗಿ ಕೊಳ್ಳಲು 4 ಕೋಟಿ ಬೇಕಾದ ಮಷೀನುಗಳಿಗೆ 2.4 ಕೋಟಿ ವಿಮೆ. ಕೊರತೆ ಶೇ. 15ರೊಳಗೆ ಇದ್ದರೆ ಈ ಪಾಲಿಸಿಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮದು ಶೇ. 40, ಹಾಗಾಗಿ ಕ್ಲೇಮ್‌ನಲ್ಲೂ ಅದೇ ಪ್ರಮಾಣದಲ್ಲಿ ಕಡಿತ. ಹೊಸ ಬೆಲೆಯ ಲೆಕ್ಕದಲ್ಲಿ 10 ಲಕ್ಷದ್ದು ಸುಟ್ಟರೆ ಕೈಗೆ ಸುಮಾರು 6. ಎಕ್ಸೆಸ್ ಬಗ್ಗೆ ಅಷ್ಟೆಲ್ಲ ಜಗ್ಗಾಡಿದ ನಾವು ಈ 4 ಲಕ್ಷವನ್ನು ಯಾರೂ ಕೇಳದೆ ಹೊತ್ತುಕೊಂಡಿದ್ದೆವು. ಪ್ರೀಮಿಯಂ ಏರಿತು, ಏರಲಿ.

ಇನ್ನು ಬೈಗುಳ. ತಿಂಗಳಿಂದ ಫೋನ್ ಮಾಡಿದರೂ ಕೋಟೇಷನ್ ಬಂದದ್ದು ಪಾಲಿಸಿ ಮುಗಿಯುವ ಎರಡು ದಿನ ಮುಂಚೆ, ಅದೂ ಬರೀ ಇಂಗ್ಲಿಷ್‌ನಲ್ಲಿ. ತಿಂಗಳ ಸಂಬಳ 21,000 ದಾಟಿ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇಲ್ಲದ ಆಪರೇಟರ್‌ಗಳ ಕೈಗೆ ಏಟಾದರೆ ಏನು ಗತಿ ಅನ್ನೋದನ್ನ ನಾನೇ ಕೇಳಬೇಕಾಯಿತು. ಅದು ನಮ್ಮಂಥ ಘಟಕ ತಾನೇ ಹೊರುವಂಥದ್ದಲ್ಲ, ಅದಕ್ಕೆ ಬೇರೆ ಪಾಲಿಸಿ ಮಾಡಿಸಿದೆವು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕ್ಲೇಮ್ ಇನ್ನೂ ಮಾಡಿಲ್ಲ, ಹಾಗಾಗಿ ಆ ಬಗ್ಗೆ ಹೇಳಲು ಏನೂ ಇಲ್ಲ.