ಸೇಬಿನ ಎಳೆ ಗಿಡಕ್ಕೆ ಕವಲು: ಕುಡಿ ಕತ್ತರಿಸೋದಾ, ಕಣ್ಣಿನ ಮೇಲೆ ಗೀರೋದಾ?

ಎಳೆ ಸೇಬಿನ ಗಿಡ ಕೋಲಿನಂತೆ ನೆಟ್ಟಗೆ ಏರುತ್ತಲೇ ಹೋಗುತ್ತದೆ, ಪಕ್ಕಕ್ಕೆ ಮಾತ್ರ ಒಡೆಯುವುದಿಲ್ಲ. ಇದಕ್ಕೆ ಬೆಂಜೈಲ್ ಅಡಿನಿನ್ ಇರುವ ಹಾರ್ಮೋನ್ ಸ್ಪ್ರೇ ಇದೆ, ಆದರೆ ಸಾವಯವ ಕೃಷಿಗೆ ಅದು ಹೊಂದುವುದಿಲ್ಲ. ಹಾಗಾಗಿ ಕತ್ತರಿ, ಬ್ಲೇಡು, ಬೆರಳು, ದಾರ ಇಷ್ಟರಲ್ಲೇ ಆಗುವ ವಿಧಾನಗಳನ್ನು ಅಕ್ಕಪಕ್ಕದ ಗಿಡಗಳಲ್ಲಿ ಮಾಡಿ ನೋಡಿದೆ.

ಕುಡಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನ್ ಕೆಳಗಿಳಿದು ಪಕ್ಕದ ಕಣ್ಣುಗಳನ್ನು, ಅಂದರೆ ಕವಲೊಡೆಯಬೇಕಾದ ಮೊಗ್ಗುಗಳನ್ನು, ಮಲಗಿಸಿಡುತ್ತದೆ. ಬೇರಿನಿಂದ ಏರುವ ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನ್ ಅವನ್ನು ಎಬ್ಬಿಸುತ್ತದೆ. ಯಾವ ವಿಧಾನವಾದರೂ ಆಕ್ಸಿನ್ನಿನ ಹಿಡಿತ ಸಡಿಲಿಸಲೇಬೇಕು.

ಎಲ್ಲರೂ ಮಾಡುವುದು ಕುಡಿ ಕತ್ತರಿಸುವುದು. ನೆಲದಿಂದ 75–90 ಸೆಂ.ಮೀ. ಎತ್ತರಕ್ಕೆ ಕತ್ತರಿಸಿದರೆ ಕವಲು ಬಂದೇ ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಒಡೆಯುವುದು ಹೆಚ್ಚಾಗಿ ತುದಿಯ ಮೂರ್ನಾಲ್ಕು ಕಣ್ಣು ಮಾತ್ರ. ಅವೂ ಕಾಂಡಕ್ಕೆ ಅಂಟಿಕೊಂಡು ಮೇಲಕ್ಕೇ ಓಡುತ್ತವೆ. ಅಂಥ ಇಕ್ಕಟ್ಟಾದ ಸಂದಿನಲ್ಲಿ ತೊಗಟೆ ಸಿಕ್ಕಿಕೊಂಡು, ಮುಂದೆ ಹಣ್ಣಿನ ಭಾರಕ್ಕೆ ಕೊಂಬೆ ಸೀಳುತ್ತದೆ. ಚಿಗುರು 10–15 ಸೆಂ.ಮೀ. ಇರುವಾಗಲೇ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿ ಅಗಲಿಸಬೇಕು. ಫಸಲೂ ಸ್ವಲ್ಪ ತಡವಾಗುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ಕಣ್ಣಿನ ಮೇಲೆ ಗೀರುವುದು. ಕವಲು ಎಲ್ಲಿ ಬೇಕೋ ಅಲ್ಲೇ ಕೇಳಿ ಪಡೆಯಬಹುದು, ಕುಡಿಯೂ ಹಾಗೇ ಉಳಿಯುತ್ತದೆ. ಬೇಕಾದ ಕಣ್ಣಿಗಿಂತ ಅರ್ಧ ಸೆಂ.ಮೀ. ಮೇಲೆ, ಕಾಂಡದ ಸುತ್ತಳತೆಯ ಮೂರನೇ ಒಂದು ಭಾಗದಷ್ಟು ಅಗಲಕ್ಕೆ, ಹ್ಯಾಕ್ಸಾ ಬ್ಲೇಡಿನಿಂದ ಗೀರಬೇಕು. ತೊಗಟೆ ದಾಟಿ ಮರ ತಾಗಿದೊಡನೆ ನಿಲ್ಲಿಸಿ. ಮೇಲಿನಿಂದ ಬರುವ ಆಕ್ಸಿನ್ನಿಗೆ ಅಲ್ಲೇ ತಡೆ ಬೀಳುತ್ತದೆ. ಗೀರು ಕಣ್ಣಿನ ಕೆಳಗೆ ಬಿದ್ದರೆ ಪರಿಣಾಮ ಉಲ್ಟಾ, ಕಣ್ಣು ಇನ್ನಷ್ಟು ಸೊರಗುತ್ತದೆ. ಚಿಗುರೊಡೆಯುವ ಎರಡರಿಂದ ನಾಲ್ಕು ವಾರ ಮೊದಲು ಒಳ್ಳೆಯ ಸಮಯ. ಹಿಂದಿನ ವರ್ಷ ಬೆಳೆದ ಭಾಗದಲ್ಲಿ ಫಲ ಚೆನ್ನಾಗಿ ಸಿಗುತ್ತದೆ, ಹಳೆಯ ದಪ್ಪ ಕಾಂಡದಲ್ಲಿ ಕಣ್ಣು ಏಳುವುದು ಕಷ್ಟ. ಗೀರಿದ ಕಣ್ಣೆಲ್ಲ ಒಡೆಯುತ್ತದೆ ಅಂತಲ್ಲ, ಹಾಗಾಗಿ ಬೇಕಾದ್ದಕ್ಕಿಂತ ನಾಲ್ಕೈದು ಹೆಚ್ಚೇ ಗೀರುತ್ತೇನೆ. ಹೀಗೆ ಬಂದ ಕವಲು ಅಗಲವಾಗಿ ಚಾಚಿಕೊಳ್ಳುತ್ತದೆ, ಅದೇ ದೊಡ್ಡ ಲಾಭ.

ಬೇಸಿಗೆಯಲ್ಲಿ ಗಿಡ ಜೋರಾಗಿ ಬೆಳೆಯುತ್ತಿದ್ದರೆ ಕುಡಿಯ ಎಳೆ ಎಲೆಗಳನ್ನು ಕೀಳುವ ವಿಧಾನವೂ ಇದೆ. ಸುಳಿಗೆ ಮಾತ್ರ ಉಗುರು ತಾಗಬಾರದು. ಅದರ ಸುತ್ತ ಇನ್ನೂ ಬಿಚ್ಚುತ್ತಿರುವ ಎಲೆಗಳನ್ನಷ್ಟೇ ಚಿವುಟಿ, ವಾರಕ್ಕೊಮ್ಮೆ ಮತ್ತೆ ಮಾಡಬೇಕು. ಗಾಯ ತೀರಾ ಸಣ್ಣದು, ಕವಲಿನ ಕೋನವೂ ಚೆಂದ. ಹತ್ತಿಪ್ಪತ್ತು ಗಿಡಕ್ಕೆ ಸರಿ, ದೊಡ್ಡ ತೋಟಕ್ಕೆ ಕೈ ಸಾಲದು, ಅಲ್ವಾ?

ದಾರ ಕಟ್ಟಿ ಬಗ್ಗಿಸುವುದನ್ನು ಇರುವ ಕೊಂಬೆ ಪಳಗಿಸಲು ಇಟ್ಟುಕೊಳ್ಳಿ. ಪೂರ್ತಿ ಅಡ್ಡ ಮಲಗಿಸಿದರೆ ಬೆನ್ನಿನ ಮೇಲೆ ನೆಟ್ಟನೆಯ ಚಿಗುರುಗಳು ಏಳುತ್ತವೆ, ಅವನ್ನು ಕೀಳುವುದೇ ಕೆಲಸವಾಗುತ್ತದೆ.

ಸಸಿ ಬಡಕಲಾಗಿದ್ದರೆ ಇದ್ಯಾವುದೂ ಬೇಡ, ಕುಡಿ ಕತ್ತರಿಸುವುದೇ ಸರಿ. ಬುಡದ ಹುಲ್ಲು ತೆಗೆದು, ಕಾಂಪೋಸ್ಟ್ ಹಾಕಿ, ಕಾಂಡಕ್ಕೆ ತಾಗದಂತೆ ಹೊದಿಕೆ ಕೊಡಿ. ಗಟ್ಟಿಯಾಗಿ ಏರಿದ ಗಿಡಕ್ಕೆ ಮಾತ್ರ ಮುಂದಿನ ವರ್ಷ ಬ್ಲೇಡು ತೆಗೆದುಕೊಳ್ಳಿ. ಅದೂ ಒಣ ಹವೆಯ ದಿನ, ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಂಡೇ. ಗಾಯದ ಮೂಲಕ ಒಳಸೇರಿ ಚಿಗುರನ್ನು ಸುಟ್ಟಂತೆ ಕರಟಿಸುವ ಫೈರ್ ಬ್ಲೈಟ್ ಎಂಬ ಬ್ಯಾಕ್ಟೀರಿಯಾ ರೋಗ ಇರುವ ತೋಟದಲ್ಲಿ ನಾನಂತೂ ಗೀರುವುದಿಲ್ಲ.